ಇಪ್ಪತ್ತಾರು ಹೊಡೆತಗಳು

ಹುಬ್ಬಳ್ಳಿ
20-10-1997

ಅಕ್ಕ,

ಲೀಗ್ ಶುರುವಾಗಿ ನಾಲ್ಕು ಪಂದ್ಯ ಮುಗಿದವು. ನನ್ನ ಹೆಸರಿನ ಮುಂದೆ ಒಂದೂ ಗೋಲಿಲ್ಲ. ಕಳೆದ ವರ್ಷ ಇಷ್ಟು ಹೊತ್ತಿಗೆ ನಾಲ್ಕು ಹೊಡೆದಿದ್ದೆ. ಈ ಮಾತನ್ನು ಅಪ್ಪನಿಗೆ ಹೇಳಬೇಡ. ಅವ್ವನಿಗಂತೂ ಹೇಳಲೇಬೇಡ, ದೃಷ್ಟಿ ತೆಗೆಯುತ್ತೇನೆಂದು ಮೆಣಸಿನಕಾಯಿ ಹಿಡಿದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿಬಿಡುತ್ತಾಳೆ.

ಈ ಕಾರ್ಖಾನೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಲೇತ್ ಮಷೀನು ಚೆನ್ನಾಗಿ ಓಡಿಸುತ್ತೇನೆಂದಲ್ಲ, ಅವರ ಹಾಕಿ ತಂಡದ ಮುಂಪಡೆಯಲ್ಲಿ ಗೋಲು ಹೊಡೆಯುತ್ತೇನೆಂದು. ಖಾಯಂ ಮಾಡುವ ಆದೇಶ ಸೀಸನ್ ಮುಗಿದ ಮೇಲೆ, ಮಾರ್ಚಿಗೆ ಬರಬೇಕು. ಕೋಚ್ ಪರಮೇಶ್ವರಪ್ಪನವರು ನಮ್ಮ ಕಡೆಯವರೇ, ಹೊಳಲ್ಕೆರೆಯವರು. ಮೊನ್ನೆ ಗದಗಿನಲ್ಲಿ ಸೋತು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ನಿನ್ ಮ್ಯಾಲೆ ಸಿಟ್ಟಿಲ್ಲ ಕಣಪ್ಪ. ಆದ್ರೆ ಗೋಲು ಬರ್ಲಿಲ್ಲ ಅಂದ್ರೆ ನಾನು ಯಾವ ಮುಖ ಇಟ್ಕಂಡು ಮ್ಯಾನೇಜರ್ ಹತ್ರ ಹೋಗ್ಲಿ?" ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನೀನು ಅಂಕಿಅಂಶದ ಕೆಲಸದವಳು. ಹೊಲದ ಒಂದು ಮೂಲೆ ಕೊಯ್ಯಿಸಿ ತಾಲ್ಲೂಕಿನ ಬೆಳೆ ಎಷ್ಟೆಂದು ಹೇಳುತ್ತೀಯ. ನನ್ನದನ್ನೂ ಹೇಳು. ಇದು ಬರೀ ಟೈಮು ಕೆಟ್ಟಿರುವುದೋ, ಅಥವಾ ನನ್ನ ಆಟವೇ ಮುಗಿಯಿತೋ?

ರೂಮಿನಲ್ಲಿ ಮಾರುತೇಶ್ ಆರಾಮವಾಗಿದ್ದಾನೆ. ಕಳೆದ ಮಾರ್ಚಿನಲ್ಲಿ ಚೆಂಡು ಬಡಿದು ಬಲಗಣ್ಣು ಹೋದ ಮೇಲೆ ಅವನು ಗೋಲ್‌ಕೀಪರ್ ಆಗಿ ನಿಲ್ಲುತ್ತಿಲ್ಲ. ಅವನದು ಖಾಯಂ ಕೆಲಸವಾದ್ದರಿಂದ ಸ್ಟೋರಿಗೆ ಹಾಕಿದ್ದಾರೆ. ಆದರೂ ಪ್ರತಿ ಪಂದ್ಯಕ್ಕೂ ಬಂದು ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಅದೇನೋ ಬರೆಯುತ್ತಿರುತ್ತಾನೆ. ಅವನ ಅವ್ವ ಕಾಳಕ್ಕ ತುರುವನೂರಿನಿಂದ ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸುತ್ತಾಳೆ. ಇಬ್ಬರಿಗೂ ಆಗುವಷ್ಟು.

ನಿನ್ನ ತಮ್ಮ
ದುರುಗೇಶ್


ಹಿರಿಯೂರು
27-10-1997

ತಮ್ಮ ದುರುಗೇಶನಿಗೆ,

ನಾಲ್ಕು ಪಂದ್ಯಕ್ಕೆ ಆಟ ಮುಗಿಯಿತೋ ಎಂದು ಕೇಳುತ್ತೀಯಲ್ಲ, ನಿನ್ನನ್ನು ಏನೆನ್ನಬೇಕು? ನಾಲ್ಕು ಹೊಲ ನೋಡಿ ಹಿರಿಯೂರು ತಾಲ್ಲೂಕಿನ ಶೇಂಗಾ ಹೋಯಿತು ಎಂದು ನಾನು ಬರೆದರೆ ಮೇಲಿನವರು ನನ್ನನ್ನು ಮನೆಗೆ ಕಳಿಸುತ್ತಾರೆ.

ತಾಲ್ಲೂಕಿನಿಂದ ತಾಲ್ಲೂಕಿಗೆ ಸುತ್ತುವ ನನ್ನ ಕೆಲಸ ಹೇಗಿರುತ್ತದೆ ಕೇಳು. ಯಾವ ಊರು, ಯಾವ ಸರ್ವೆ ನಂಬರು, ಹೊಲದಲ್ಲಿ ಎಷ್ಟು ಹೆಜ್ಜೆ ಉದ್ದ, ಎಷ್ಟು ಹೆಜ್ಜೆ ಅಗಲ, ಎಲ್ಲವೂ ಮೊದಲೇ ಚೀಟಿ ಎತ್ತಿದ ಹಾಗೆ ಗೊತ್ತಾಗಿರುತ್ತದೆ. ಅಲ್ಲಿಗೆ ಹೋಗಿ ಗೂಟ ಹೊಡೆದು ಐದು ಮೀಟರಿಗೆ ಐದು ಮೀಟರು ಹಗ್ಗ ಕಟ್ಟುವುದು, ಒಳಗೆ ಇದ್ದದ್ದನ್ನು ಕಿತ್ತು ತೂಗುವುದು. ನಿನ್ನೆ ಮುರುಗಪ್ಪ ಎಂಬ ಮುದುಕರ ಹೊಲದಲ್ಲಿ ಹಗ್ಗ ಬಿದ್ದದ್ದು ಕಲ್ಲುಗುಡ್ಡೆಯ ಪಕ್ಕಕ್ಕೆ. ಅವರಿಗೆ ಅವಮಾನವಾಯಿತು. "ಅಲ್ಲೇನೈತೆ ತಾಯಿ, ಬರೀ ಕಲ್ಲು. ಈ ಕಡೆ ಬರ್ರಿ, ಇಲ್ಲಿ ಹಾಕ್ರಿ ಹಗ್ಗವ" ಎಂದು ಕೈ ಹಿಡಿದು ಎಳೆಯುವುದೊಂದು ಬಾಕಿ. ನಾನು ಕದಲಲಿಲ್ಲ. ಚೆನ್ನಾಗಿರುವ ಕಡೆ ಹಗ್ಗ ಹಾಕಿದರೆ ಅದು ಬೆಳೆಯ ಲೆಕ್ಕವಲ್ಲ, ಮುರುಗಪ್ಪನವರ ಮರ್ಯಾದೆಯ ಲೆಕ್ಕ. ಇದಕ್ಕಿಂತ ಕೆಟ್ಟವರೂ ಇದ್ದಾರೆ, ಹೊಲಕ್ಕೇ ಹೋಗದೆ ಹುಣಸೆಮರದ ಕೆಳಗೆ ಕೂತು ತೂಕ ಬರೆದು ಸಹಿ ಹಾಕುವವರು. ಕಣ್ಣಲ್ಲಿ ಕಾಣದ ತೂಕಕ್ಕೆ ನಾನು ಇವತ್ತಿನವರೆಗೆ ಸಹಿ ಹಾಕಿಲ್ಲ.

ಗೋಲು ಅನ್ನುವುದು ಕೊನೆಗೆ ಮನೆಗೆ ಬರುವ ಮೂಟೆ. ಅದೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೋಲಿನ ಮುಂದಿನ ಅರ್ಧವೃತ್ತಕ್ಕೆ ನೀವು ಡಿ ಎನ್ನುತ್ತೀರಲ್ಲ, ಅದರೊಳಗಿನಿಂದ ನೀನು ಎಷ್ಟು ಸಲ ಹೊಡೆದೆ, ಎದುರಿನಿಂದ ಎಷ್ಟು, ಪಕ್ಕದಿಂದ ಎಷ್ಟು, ಚೆಂಡು ಎಲ್ಲಿಗೆ ಹೋಯಿತು, ಇವೆಲ್ಲ ಬೇಕು. ಮಾರುತೇಶನ ನೋಟ್‌ಬುಕ್ಕಿನಲ್ಲಿ ಅದೇ ಇರಬೇಕು. ಗೋಲ್‌ಕೀಪರ್‌ಗಳಿಗೆ ಆ ಚಟ ಇರುತ್ತದೆ. ಈ ವರ್ಷದ್ದನ್ನೂ ಕಳೆದ ವರ್ಷದ್ದನ್ನೂ ನಕಲು ಮಾಡಿಸಿ ಕಳಿಸು.

ದೀಪಾವಳಿಗೆ ಊರಿಗೆ ಬರುವುದಿಲ್ಲವಂತೆ. ಅವ್ವ ಏಕನಾಥಮ್ಮನವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ನೀನು ಬರದಿರುವುದಕ್ಕೆ.

ನಿನ್ನ ಅಕ್ಕ
ಅಂಜಲಿ


ಹುಬ್ಬಳ್ಳಿ
10-11-1997

ಅಕ್ಕ,

ಮಾರುತೇಶ್ ಎರಡೂ ವರ್ಷದ್ದು ಬರೆದು ಕವರಿನಲ್ಲಿ ಹಾಕಿ ಅಂಟಿಸಿಯೇ ಕೊಟ್ಟ. ನಾನು ಬಿಚ್ಚಿ ನೋಡಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಈಗ ಐದು ಪಂದ್ಯ. ಸೊನ್ನೆಯೇ.

ದುರುಗೇಶ್


ಹಿರಿಯೂರು
18-11-1997

ತಮ್ಮ ದುರುಗೇಶನಿಗೆ,

ಎರಡು ದಿನ ಕೂತೆ. ಈಗ ನೀನೂ ಕೂತುಕೊಂಡು ಓದು.

ಕಳೆದ ವರ್ಷ ಹದಿನಾಲ್ಕು ಪಂದ್ಯದಲ್ಲಿ ನೀನು ಅರವತ್ತು ಸಲ ಹೊಡೆದೆ, ಹನ್ನೊಂದು ಗೋಲು. ಎದುರಿನಿಂದ ಹೊಡೆದದ್ದು ಇಪ್ಪತ್ತನಾಲ್ಕು, ಅದರಲ್ಲಿ ಎಂಟು ಒಳಗೆ ಹೋದವು. ಪಕ್ಕಗಳಿಂದ ಮೂವತ್ತಾರು, ಮೂರು ಒಳಗೆ. ಅಂದರೆ ಎದುರಿನಿಂದ ಮೂರಕ್ಕೊಂದು, ಪಕ್ಕದಿಂದ ಹನ್ನೆರಡಕ್ಕೊಂದು. ಈ ವರ್ಷ ಐದು ಪಂದ್ಯಕ್ಕೆ ಹದಿನಾರು ಹೊಡೆತ: ಎದುರಿನಿಂದ ನಾಲ್ಕು, ಪಕ್ಕದಿಂದ ಹನ್ನೆರಡು. ಕಳೆದ ವರ್ಷದ ಲೆಕ್ಕದಲ್ಲೇ ಎರಡು ಚಿಲ್ಲರೆ ಗೋಲು ಬರಬೇಕಿತ್ತು, ಬಂದದ್ದು ಸೊನ್ನೆ. ಇಷ್ಟೇ ಹೊಡೆದ ನೂರು ಜನರಲ್ಲಿ ಏಳು ಜನಕ್ಕೆ ಹೀಗೆ ಆಗಿಯೇ ಆಗುತ್ತದೆ, ಅವರು ಎಷ್ಟೇ ಒಳ್ಳೆಯ ಆಟಗಾರರಾಗಿರಲಿ. ಈ ಸಲ ಆ ಏಳರಲ್ಲಿ ನೀನೊಬ್ಬ. ಹೊಡೆಯುವ ಜಾಗ ಅಷ್ಟೇನೂ ಬದಲಾಗಿಲ್ಲ, ಎದುರಾಳಿಯ ಗೋಲ್‌ಕೀಪರ್‌ಗಳು ಚೆನ್ನಾಗಿ ತಡೆದಿದ್ದಾರೆ ಅಷ್ಟೆ. ಆಟ ಬದಲಾಯಿಸಬೇಡ, ಸ್ಟಿಕ್ಕು ಬದಲಾಯಿಸಬೇಡ, ದೇವರನ್ನೂ ಬದಲಾಯಿಸಬೇಡ.

ನಿಮ್ಮ ಪರಮೇಶ್ವರಪ್ಪನವರಿಗೂ ಇದನ್ನೇ ನೀಟಾಗಿ ಬರೆದು, ಕೋಷ್ಟಕ ಹಾಕಿ, ಕೆಳಗೆ ಸಹಿ ಮಾಡಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ.

ಸುಳ್ಳೇಕೆ, ಮೊದಲ ಸಲ ನನ್ನ ಕೆಲಸ ನಮ್ಮ ಮನೆಯ ಒಬ್ಬರಿಗೆ ಉಪಯೋಗಕ್ಕೆ ಬಂತೆಂದು ಖುಷಿಯಾಯಿತು.

ನಿನ್ನ ಅಕ್ಕ
ಅಂಜಲಿ


ಹುಬ್ಬಳ್ಳಿ
8-12-1997

ಅಕ್ಕ,

ನೀನು ಬರೆಯಬಾರದಿತ್ತು.

ಕೋಚ್ ನಿನ್ನ ಕಾಗದವನ್ನು ಇಡೀ ತಂಡದ ಮುಂದೆ ಓದಿದರು. ಹದಿನಾರು ಹೊಡೆತ ಎನ್ನುವಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ. ಮಾರುತೇಶ್ ಬೂಟಿಗೆ ದಾರ ಪೋಣಿಸುತ್ತಿದ್ದ, ತಲೆ ಎತ್ತಲಿಲ್ಲ. ಓದಿ ಮುಗಿಸಿ, "ಕೇಳಿದ್ರಲ್ಲ, ಹೋಗ್ರಿ" ಎಂದರು, ಅಷ್ಟೇ. ಆಮೇಲೆ ಮ್ಯಾನೇಜರ್ ಹತ್ತಿರ ತೆಗೆದುಕೊಂಡು ಹೋದರಂತೆ. ಜನವರಿ ಕೊನೆಯವರೆಗೆ ನನ್ನನ್ನು ಆಡಿಸಲಿ ಎಂದು ಒಪ್ಪಿದ್ದಾರೆ.

ಇನ್ನೂ ಮೂರು ಪಂದ್ಯ ಆಯಿತು. ಮಾರುತೇಶ್ ಹಾಳೆ ಕೊಟ್ಟಿದ್ದಾನೆ, ಇದರಲ್ಲಿಟ್ಟಿದ್ದೇನೆ. ಇಡದಿದ್ದರೆ ನೀನು ಕೇಳುತ್ತೀಯ. ದಯವಿಟ್ಟು ಇನ್ನು ಮೇಲೆ ಯಾರಿಗೂ ಏನನ್ನೂ ಬರೆಯಬೇಡ.

ಕಾಳಕ್ಕನ ರೊಟ್ಟಿ ಬಂದವು. ಜೊತೆಗೆ ಒಂದು ಚೀಟಿ ಬರೆಸಿ ಕಳಿಸಿದ್ದಾಳೆ, ನನ್ನ ಮಗನನ್ನು ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೀಯ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು. ನನಗೆ ಹಸಿವಿರಲಿಲ್ಲ.

ದುರುಗೇಶ್


ಹಿರೇಗುಂಟನೂರು
22-12-1997

ದುರುಗೇಶ,

ಎರಡು ದಿನ ರಜೆ ಹಾಕಿ ಊರಿಗೆ ಬಂದಿದ್ದೇನೆ. ಹಟ್ಟಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಸಾಯಂಕಾಲ ಕುರಿ ಬಂದವು. ಹಟ್ಟಿಗೆ ನುಗ್ಗುವಾಗ ನಾನು ಚಿಕ್ಕಂದಿನ ಹಾಗೆ ಬೆರಳು ಮಡಚಿ ಎಣಿಸುತ್ತಿದ್ದೆ. ಅಪ್ಪ ಒಂದನ್ನೂ ಎಣಿಸದೆ ಬಾಗಿಲಿಗೆ ಒರಗಿ ನಿಂತಿದ್ದವರು, "ಬಿಳಿ ಕಿವೀದು ಬಂದಿಲ್ಲ" ಎಂದರು. ನಾನು ಎಣಿಕೆ ತಪ್ಪಿಸಿಕೊಂಡು ಬೈದೆ. ಅದಕ್ಕೆ ಅವರು, "ಎಷ್ಟು ಬಂದ್ವು ಅಂತ ಯಾಕ್ ಎಣಿಸ್ತೀಯವ್ವ? ಯಾವ್ದು ಬಂದಿಲ್ಲ ಅಂತ ನೋಡು" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹುಡುಕಲು ಹೊರಟರು.

ನಾನು ಒಳಗೆ ಹೋಗಿ ಮಾರುತೇಶನ ಹಾಳೆಗಳನ್ನು ತೆಗೆದೆ. ಎಂಟು ಪಂದ್ಯ, ಇಪ್ಪತ್ತಾರು ಹೊಡೆತ. ಪಂದ್ಯಕ್ಕೆ ಇಷ್ಟಿಷ್ಟು ಎಂದು ಬರೆದಿದ್ದಾನೆ: ಮೂರು, ಮೂರು, ನಾಲ್ಕು, ಮೂರು, ಮೂರು, ನಾಲ್ಕು, ಮೂರು, ಮೂರು. ಕಳೆದ ವರ್ಷ ನೀನು ಒಂದು ಪಂದ್ಯದಲ್ಲಿ ಒಂಬತ್ತು ಹೊಡೆದಿದ್ದೆ, ಇನ್ನೊಂದರಲ್ಲಿ ಒಂದೂ ಇರಲಿಲ್ಲ. ಹೊಲವಾಗಲಿ ಆಟವಾಗಲಿ ಇಷ್ಟು ಸಮವಾಗಿ ಕೊಡುವುದನ್ನು ನಾನು ಕಂಡಿಲ್ಲ.

ಅದಾದರೂ ಹೋಗಲಿ ಎನ್ನೋಣ. ಡಿ ಒಳಗೆ ಎದುರಾಳಿಯ ಕಾಲಿಗೆ ಚೆಂಡು ಬಡಿದರೆ ಪೆನಾಲ್ಟಿ ಕಾರ್ನರ್ ಕೊಡುತ್ತಾರೆ ಎಂದು ನನಗೆ ಕಲಿಸಿದವನೇ ನೀನು. ಕಳೆದ ವರ್ಷ ಅರವತ್ತು ಹೊಡೆತದಲ್ಲಿ ಒಂಬತ್ತು ಯಾರದೋ ಕಾಲಿಗೆ ಬಡಿದಿದ್ದವು. ಈ ವರ್ಷ ಇಪ್ಪತ್ತಾರರಲ್ಲಿ ಒಂದು ನಾಲ್ಕಾದರೂ ಬಡಿಯಬೇಕಿತ್ತು. ಒಂದೂ ಇಲ್ಲ. ಎಲ್ಲವೂ ಗೋಲ್‌ಕೀಪರನ ಪ್ಯಾಡಿಗೆ, ಇಲ್ಲವೇ ಕಂಬದ ಆಚೆಗೆ. ಅಷ್ಟು ಜನ ಅಡ್ಡ ನಿಂತಿರುವಾಗ ಒಬ್ಬನ ಬೂಟಿಗೂ ಮುಟ್ಟದೆ ಇಪ್ಪತ್ತಾರು ಚೆಂಡು ಹೇಗೆ ಹೋದವು? ಅದಕ್ಕೊಂದು ಉತ್ತರ ಬರೆ.

ಬಿಳಿ ಕಿವಿಯದು ಸಿಕ್ಕಿತು. ಜಾಲಿಗೆ ಸಿಕ್ಕಿಕೊಂಡಿತ್ತಂತೆ.

ಅಂಜಲಿ


ಹೊಳಲ್ಕೆರೆ
5-1-1998

ದುರುಗೇಶ,

ನೀನು ಉತ್ತರ ಬರೆಯಲಿಲ್ಲ. ನಾನೇ ಹೋಗಿ ನೋಡಿದೆ. ನಿನ್ನೆ ಭಾನುವಾರ ದಾವಣಗೆರೆಯಲ್ಲಿ ನಿಮ್ಮ ಪಂದ್ಯಕ್ಕೆ ಬಂದಿದ್ದೆ. ನೀನು ನೋಡಲಿಲ್ಲ, ನಾನು ಹುಣಸೆಮರದ ಕಡೆ ಹೆಂಗಸರ ಗುಂಪಿನ ಹಿಂದೆ ಕೂತಿದ್ದೆ.

ಅರ್ಧ ಸೇರು ಹುರಿದ ಶೇಂಗಾ ತೆಗೆದುಕೊಂಡೆ. ನೀನು ಚೆಂಡಿನ ಜೊತೆ ಡಿ ಒಳಗೆ ಹೋದಾಗೆಲ್ಲ ಒಂದು ಕಾಯಿ ಸೆರಗಿನ ಎಡಗಡೆ, ಹೊಡೆದರೆ ಒಂದು ಕಾಯಿ ಬಲಗಡೆ. ಪಕ್ಕದಲ್ಲಿದ್ದ ಅಜ್ಜ ಮಾತಾಡುತ್ತ ಮಾತಾಡುತ್ತ ಎಡಗಡೆಯವು ಎರಡನ್ನು ತಿಂದುಬಿಟ್ಟ, ಅವನ್ನೂ ಸೇರಿಸಿ ಹೇಳುತ್ತಿದ್ದೇನೆ. ಎಡಗಡೆ ಹದಿನಾಲ್ಕು. ಬಲಗಡೆ ಒಂದೂ ಇಲ್ಲ.

ಎರಡು ಸಲ ಗೋಲು ಬಾಯಿ ತೆರೆದುಕೊಂಡಿತ್ತು, ಗೋಲ್‌ಕೀಪರ್ ಬಿದ್ದಿದ್ದ. ನನಗೇ ಎದ್ದು ಹೋಗಿ ಹೊಡೆಯಬೇಕೆನ್ನಿಸಿತು. ನೀನು ಸ್ಟಿಕ್ಕು ಎತ್ತಲೇ ಇಲ್ಲ. ತಿರುಗಿ ಎಡಗಡೆಯವನಿಗೆ ತಳ್ಳಿದೆ. ಅವನು ಹೊಡೆದ, ಗೋಲಾಯಿತು, ಎರಡೂ ಸಲ. ಜನ ಅವನ ಹೆಸರು ಕೂಗಿದರು. ನೀನು ಗೋಲಿನ ಕಡೆ ಬೆನ್ನು ಮಾಡಿ ನಿಂತಿದ್ದೆ.

ನಿಮ್ಮ ಮಾರುತೇಶ ಬೆಂಚಿನ ಮೇಲೆ ಬರೆಯುತ್ತಲೇ ಇದ್ದ. ಏನು ಬರೆದ? ಮೂರೋ ನಾಲ್ಕೋ?

ನನಗೆ ಬಂದಿರುವ ಸಿಟ್ಟು ಎಷ್ಟೆಂದು ಬರೆದರೆ ಕಾಗದ ಸಾಲದು. ಹುಣಸೆಮರದ ಕೆಳಗೆ ಕೂತು ತೂಕ ಬರೆಯುವವರನ್ನು ಆಡಿಕೊಳ್ಳುತ್ತಿದ್ದೆ. ನಾನು ಹಿರಿಯೂರಿನ ರೂಮಿನಲ್ಲಿ ಕೂತು ಕಾಣದ ಹದಿನಾರು ಹೊಡೆತಕ್ಕೆ ಸಹಿ ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಮ್ಮನೆಂದು ಹಗ್ಗವನ್ನು ಚೆನ್ನಾಗಿರುವ ಕಡೆ ಹಾಕಿದೆ. ತಪ್ಪು ನನ್ನದು. ಆದರೆ ಹಾಕಿಸಿದವರು ನೀವಿಬ್ಬರು.

ನಿನ್ನನ್ನು ಮಾತಾಡಿಸದೆ ಬಸ್ಸು ಹತ್ತಿ ಬಂದೆ. ಮಾತಾಡಿಸಿದ್ದರೆ ಅಲ್ಲೇ ಅಳುತ್ತಿದ್ದೆ, ಇಲ್ಲವೇ ಹೊಡೆಯುತ್ತಿದ್ದೆ.

ಅಂಜಲಿ


ಹುಬ್ಬಳ್ಳಿ
12-1-1998

ಅಂಜಲಿ ಅಕ್ಕನವರಿಗೆ ಮಾರುತೇಶ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ದುರುಗೇಶ್ ಓದಿ ಮಂಚದ ಮೇಲೆ ಬಿಟ್ಟು ಎಲ್ಲಿಗೋ ಹೋದ. ನಾನು ಓದಿದೆ. ತಪ್ಪಾಯಿತು, ಓದಬಾರದಿತ್ತು.

ಹಾಳೆಗಳನ್ನು ಬರೆದವನು ನಾನು. ಅದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಿಮ್ಮ ನವೆಂಬರಿನ ಕಾಗದ ಬಂದ ಮೇಲೆ ಗೊತ್ತಾಯಿತು, ಆದರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾವಿಬ್ಬರೂ ಒಂದೇ ರೂಮಿನಲ್ಲಿದ್ದೇವೆ, ಒಂದೇ ಡಬ್ಬಿಯಲ್ಲಿ ಉಣ್ಣುತ್ತೇವೆ. ಸಿನಿಮಾ, ಸಂಬಳ, ಸೊಳ್ಳೆ ಎಲ್ಲದರ ಮೇಲೂ ಮಾತಾಡುತ್ತೇವೆ.

ಆದರೆ ಅಕ್ಕಾ, ಅವು ಮನಸ್ಸಿಗೆ ಬಂದ ಹಾಗೆ ಬರೆದವಲ್ಲ. ನಾನು ಎಂಟು ವರ್ಷ ಗೋಲಿನಲ್ಲಿ ನಿಂತವನು. ಮುಂಪಡೆಯವನ ಭುಜ ನೋಡಿದರೆ ಈಗ ಹೊಡೆಯುತ್ತಾನೆ ಎಂದು ನನಗೆ ಗೊತ್ತಾಗುತ್ತದೆ. ಆ ಇಪ್ಪತ್ತಾರೂ ಸಲ ಅವನ ಭುಜ ತಿರುಗಿತ್ತು. ಚೆಂಡು ಸರಿಯಾದ ಜಾಗದಲ್ಲಿತ್ತು. ಅವನು ಹೊಡೆಯಬೇಕಾಗಿದ್ದ ಹೊಡೆತಗಳವು. ಇನ್ನೂ ಹೆಚ್ಚೇ ಇದ್ದವು, ನೀವು ನಂಬುವ ಹಾಗಿರಲಿ ಎಂದು ನಾನೇ ಮೂರು ನಾಲ್ಕಕ್ಕೆ ನಿಲ್ಲಿಸಿದೆ. ಕಾಲಿಗೆ ಬಡಿದದ್ದನ್ನು ಬರೆಯಲು ಮನಸ್ಸು ಬರಲಿಲ್ಲ. ಚೆಂಡು ಒಬ್ಬರಿಗೆ ಬಡಿಯಿತು ಎಂದು ಅವನ ಹೆಸರಿನ ಮುಂದೆ ನಾನು ಬರೆಯಲಾರೆ.

ಯಾಕೆ ಹೊಡೆಯುವುದಿಲ್ಲ ಎಂಬುದನ್ನು ಅವನೇ ನಿಮಗೆ ಹೇಳಬೇಕು. ನಿಮ್ಮ ಸಹಿಗೆ ನನ್ನಿಂದ ಕಳಂಕ ಬಂತು. ಕ್ಷಮಿಸಿ.

ಇಂತಿ
ಮಾರುತೇಶ್


ಹುಬ್ಬಳ್ಳಿ
19-1-1998

ಅಕ್ಕ,

ಮೂರು ಸಲ ಬರೆದು ಹರಿದೆ.

ಕಳೆದ ವರ್ಷ ಮಾರ್ಚಿನಲ್ಲಿ ಮಾರುತೇಶನ ಕಣ್ಣಿಗೆ ಚೆಂಡು ಬಡಿಯಿತು ಎಂದು ಮನೆಗೆ ಹೇಳಿದ್ದೆನಲ್ಲ, ಹೊಡೆದವನು ನಾನು.

ಅಭ್ಯಾಸ ಮುಗಿದಿತ್ತು. ಬಿಸಿಲು ಜೋರಾಗಿತ್ತು. ಅವನು ಹೆಲ್ಮೆಟ್ ತೆಗೆದು ಗೋಲುಕಂಬಕ್ಕೆ ನೇತುಹಾಕಿ ಪ್ಯಾಡು ಬಿಚ್ಚುತ್ತ ಕೂತಿದ್ದ. ಆವತ್ತು ನನ್ನ ಹೊಡೆತ ಒಂದೂ ಸರಿಯಾಗಿ ಬಿದ್ದಿರಲಿಲ್ಲ. "ಒಂದೇ ಒಂದು ಕಣಲೇ, ಕೊನೇದು" ಎಂದು ನಾನೇ ಎಬ್ಬಿಸಿದೆ. ಅವನು ನಗುತ್ತ ಎದ್ದು ಹಾಗೇ ನಿಂತ. ನಾನು ಹೊಡೆದದ್ದರಲ್ಲೆಲ್ಲ ಅದೇ ಚೆನ್ನಾಗಿ ಬಿದ್ದ ಹೊಡೆತ.

ಆಸ್ಪತ್ರೆಗೆ ಕಾಳಕ್ಕ ಬಂದಾಗ ಅವನೇ ಮೊದಲು ಮಾತಾಡಿಬಿಟ್ಟ, ಯಾರದೋ ಚೆಂಡು ಬಂತು, ಯಾರೆಂದು ನೋಡಲಿಲ್ಲ ಅಂದ. ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಆಮೇಲೆ ಹತ್ತು ತಿಂಗಳು ಸುಮ್ಮನೇ ಇದ್ದೇನೆ. ಅವಳು ಕಳಿಸಿದ ರೊಟ್ಟಿ ತಿನ್ನುತ್ತಿದ್ದೇನೆ.

ಡಿ ಒಳಗೆ ಹೋಗುವವರೆಗೆ ಏನೂ ಇಲ್ಲ. ಸ್ಟಿಕ್ಕು ಹಿಂದಕ್ಕೆ ಎತ್ತಲು ಹೋದ ಕೂಡಲೇ ಎದುರಿಗಿರುವವನು ಯಾರಾದರೂ ಸರಿ, ನನಗೆ ಹೆಲ್ಮೆಟ್ ಇಲ್ಲದ ಮುಖವೇ ಕಾಣುತ್ತದೆ. ಆಗ ತಳ್ಳಿಬಿಡುತ್ತೇನೆ, ಎಡಕ್ಕೋ ಬಲಕ್ಕೋ. ಟೈಮು ಕೆಟ್ಟಿದೆಯೋ ಆಟ ಮುಗಿಯಿತೋ ಎಂದು ನಿನ್ನನ್ನು ಕೇಳಿದೆ. ಎರಡೂ ಅಲ್ಲವೆಂದು ನನಗೆ ಗೊತ್ತಿತ್ತು. ಆದರೂ ಟೈಮು ಕೆಟ್ಟಿದೆ ಎಂದು ನೀನು ಬರೆದರೆ ನಾನೂ ನಂಬಿಬಿಡಬಹುದು ಎಂದು ಆಸೆಪಟ್ಟೆ.

ನೀನು ಕೋಚ್‌ಗೆ ಏನು ಬರೆಯಬೇಕೋ ಬರೆ.

ನಿನ್ನ ತಮ್ಮ
ದುರುಗೇಶ್


ಹೊಸದುರ್ಗ
27-1-1998

ತಮ್ಮ ದುರುಗೇಶನಿಗೆ,

ನಿನ್ನ ಕಾಗದ ಸಂತೆಯ ದಿನ ಸಿಕ್ಕಿತು. ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ, ಆಮೇಲೆ ಆವತ್ತು ಕೆಲಸ ಮಾಡಲಾಗಲಿಲ್ಲ. ಹತ್ತು ತಿಂಗಳು ಇದನ್ನು ಒಬ್ಬನೇ ಹೊತ್ತುಕೊಂಡು ಓಡಾಡಿದೆಯಲ್ಲ, ನನಗಾದರೂ ಹೇಳಬಾರದಿತ್ತೇ? ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅದರ ಜೊತೆಗೇ ನಿನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆನಿಸುತ್ತದೆ.

ಪರಮೇಶ್ವರಪ್ಪನವರಿಗೆ ಬರೆದಿದ್ದೇನೆ. ನವೆಂಬರಿನ ನನ್ನ ಕಾಗದ ಕಣ್ಣಲ್ಲಿ ಕಾಣದೆ ಬರೆದದ್ದು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು. ನಾನು ಕಣ್ಣಾರೆ ಕಂಡದ್ದು ದಾವಣಗೆರೆಯ ಒಂದು ಪಂದ್ಯ ಮಾತ್ರ, ಅದರಲ್ಲಿ ದುರುಗೇಶ್ ಹದಿನಾಲ್ಕು ಸಲ ಡಿ ಒಳಗೆ ಹೋದ, ಒಂದೂ ಹೊಡೆಯಲಿಲ್ಲ, ತಂಡದ ಎರಡು ಗೋಲೂ ಅವನು ಕೊಟ್ಟ ಪಾಸಿನಿಂದ ಬಂದವು, ಉಳಿದ ಪಂದ್ಯಗಳ ವಿಷಯ ನನಗೆ ಗೊತ್ತಿಲ್ಲ ಎಂದು. ಕಾರಣ ಬರೆದಿಲ್ಲ. ಅದು ನಿನ್ನದು.

ಇದರಿಂದ ನಿನ್ನ ಕೆಲಸ ಹೋಗಬಹುದು. ಗೊತ್ತಿದ್ದೇ ಅಂಚೆಗೆ ಹಾಕಿದೆ. ಹೋದರೆ ಬೈಯಲು ಬಾ.

ಕಾಳಕ್ಕನಿಗೆ ಯಾವಾಗ ಹೇಳುತ್ತೀಯ?

ನಿನ್ನ ಅಕ್ಕ
ಅಂಜಲಿ


ಹುಬ್ಬಳ್ಳಿ
6-2-1998

ಸಹೋದರಿ ಅಂಜಲಿಯವರಿಗೆ,

ಎರಡೂ ಕಾಗದ ತಲುಪಿವೆ. ಮೂವತ್ತು ವರ್ಷದಿಂದ ಹಾಕಿ ನೋಡುತ್ತಿದ್ದೇನೆ. ನನ್ನ ಮುಂಪಡೆಯವನು ಹೊಡೆಯುತ್ತಿಲ್ಲ ಎಂಬುದು ನನಗೆ ಕಾಣುವುದಿಲ್ಲವೇ? ಮಾರ್ಚಿನ ಆ ದಿನ ನಾನೂ ಮೈದಾನದಲ್ಲಿದ್ದೆ. ತಂಡದಲ್ಲಿ ಎಲ್ಲರಿಗೂ ಗೊತ್ತಿದೆ, ಯಾರೂ ಬಾಯಿಬಿಡುವುದಿಲ್ಲ. ನಿಮ್ಮ ಮೊದಲ ಕಾಗದ ಸುಳ್ಳೆಂದು ಓದುವಾಗಲೇ ಗೊತ್ತಿತ್ತು. ಕೇಳಿ ನಾಚಿಕೆಗಾದರೂ ಹೊಡೆದಾನು ಎಂದು ತಂಡದ ಮುಂದೆ ಓದಿದೆ, ಮ್ಯಾನೇಜರಿಗೆ ತೋರಿಸಲು ಒಂದು ಕಾಗದವೂ ಆಯಿತು ಎಂದುಕೊಂಡೆ. ದೊಡ್ಡವನಾಗಿ ನಾನು ಮಾಡಬಾರದಿತ್ತು.

ಎರಡನೆಯದನ್ನೂ ತೋರಿಸಿದೆ. ಬೈಸಿಕೊಂಡೆ. ಈ ವರ್ಷ ಖಾಯಂ ಇಲ್ಲ. ಮೊದಲ ಹನ್ನೊಂದರಲ್ಲೂ ಅವನ ಹೆಸರಿಲ್ಲ. ಪಾಸಿನ ಲೆಕ್ಕ ನೀವು ಬರೆದಿದ್ದರಿಂದ ತೆಗೆದುಹಾಕಲಿಲ್ಲ, ಇನ್ನೊಂದು ವರ್ಷ ತಾತ್ಕಾಲಿಕವಾಗಿ ಇರಲಿ ಎಂದಿದ್ದಾರೆ.

ನಿಮ್ಮ
ಪರಮೇಶ್ವರಪ್ಪ


ಹುಬ್ಬಳ್ಳಿ
24-2-1998

ಅಕ್ಕ,

ಮೂರು ವಿಷಯ ಇವೆ.

ಮೊದಲನೆಯದು, ತುರುವನೂರಿಗೆ ಹೋಗಿದ್ದೆ. ಮಾರುತೇಶ್ ಬೇಡ ಬೇಡ ಎನ್ನುತ್ತಲೇ ಜೊತೆಗೆ ಬಂದ. ಕಾಳಕ್ಕ ಜೋಳ ಕೇರುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವಳು ಮೊರ ಕೆಳಗಿಟ್ಟಳು. "ನನ್ ಮನ್ಯಾಗಿನ ರೊಟ್ಟಿ ತಿಂದ್ಯಲ್ಲೋ ಅಷ್ಟು ದಿನ" ಎಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ನೀರೂ ಕೊಡಲಿಲ್ಲ. ಕೊಡಬಾರದು ಕೂಡ. ಮುಂದಿನ ವಾರ ಡಬ್ಬಿ ಬಂತು, ಒಬ್ಬರಿಗೆ ಆಗುವಷ್ಟೇ ರೊಟ್ಟಿ. ಮಾರುತೇಶ್ ಎಣಿಸಿ ನೋಡಿ ಅರ್ಧರ್ಧ ಮಾಡಿದ. ಇಬ್ಬರಿಗೂ ಹೊಟ್ಟೆ ತುಂಬಲಿಲ್ಲ.

ಎರಡನೆಯದು, ತುರುವನೂರಿನಿಂದ ಬಂದ ಮಾರನೆಯ ಬೆಳಿಗ್ಗೆ ಅವನು ಸ್ಟೋರಿನಿಂದ ಪ್ಯಾಡು ತಂದು ಕಟ್ಟಿಕೊಂಡು, ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು ಗೋಲಿನಲ್ಲಿ ನಿಂತ. "ಹೊಡಿ" ಅಂದ. ನನ್ನಿಂದ ಆಗಲಿಲ್ಲ. ಎರಡನೇ ದಿನವೂ ಆಗಲಿಲ್ಲ, ಕೂತುಬಿಟ್ಟೆ. ಅವನು ಒಂದು ಗಂಟೆ ನಿಂತೇ ಇದ್ದ. ಮೂರನೇ ದಿನ ಕಣ್ಣು ಮುಚ್ಚಿ ಹೊಡೆದೆ. ಚೆಂಡು ಗೋಲಿನಿಂದ ಹತ್ತು ಮಾರು ಆಚೆ ಕಾಂಪೌಂಡಿಗೆ ಬಡಿಯಿತು. "ಹಿಂಗೇ ಹೊಡೀತಿದ್ರೆ ನನ್ ಇನ್ನೊಂದು ಕಣ್ಣಿಗೆ ಏನೂ ಭಯ ಇಲ್ಲ ಬಿಡು" ಎಂದು ಹೆಲ್ಮೆಟ್ಟಿನೊಳಗೆ ನಕ್ಕ. ಹನ್ನೊಂದು ತಿಂಗಳ ಮೇಲೆ ಅವನ ಕಣ್ಣಿನ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. ನಾನು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ಮೂರನೆಯದು, ಮೊನ್ನೆ ಭಾನುವಾರ ಗದಗಿನಲ್ಲಿ ಕೊನೆಯ ಪಂದ್ಯ. ಮುಗಿಯಲು ಕಾಲು ಗಂಟೆ ಇದ್ದಾಗ ಕೋಚ್ ನನ್ನನ್ನು ಮೈದಾನಕ್ಕೆ ಇಳಿಸಿದರು. ಏನಾಯಿತೆಂದು ನಾನು ಬರೆದರೆ ನೀನು ನಂಬುವುದಿಲ್ಲ. ಮಾರುತೇಶನ ಹಾಳೆಯನ್ನೇ ಇಟ್ಟಿದ್ದೇನೆ. ಈ ಸಲ ಕವರು ಅಂಟಿಸುವ ಮೊದಲು ಓದಿದ್ದೇನೆ.

ನಿನ್ನ ತಮ್ಮ
ದುರುಗೇಶ್

(ಜೊತೆಗಿದ್ದ ಹಾಳೆ)

ಗದಗ, 22-2-98. ದುರುಗೇಶ್, ಕೊನೆಯ ಹದಿನೈದು ನಿಮಿಷ. ಡಿ ಒಳಗೆ 4 ಸಲ. ಪಾಸು 3. ಹೊಡೆತ 1, ಬಲಗಡೆಯಿಂದ. ಎದುರಾಳಿ ಡಿಫೆಂಡರ್‌ನ ಎಡಗಾಲಿಗೆ ಬಡಿಯಿತು. ಅವನು ಕಾಲು ಹಿಡಿದು ಕುಣಿದ. ದುರುಗೇಶ್ ಆಟ ಬಿಟ್ಟು ಅವನ ಹತ್ತಿರ ಓಡಿದ. ಅವನು "ಏನಾಗಿಲ್ಲ, ಹೋಗಲೇ" ಎಂದ. ಪೆನಾಲ್ಟಿ ಕಾರ್ನರ್. ಗೋಲು ಆಗಲಿಲ್ಲ. ಪಂದ್ಯ ಸಮ.


ಹಿರೇಗುಂಟನೂರು
2-3-1998

ತಮ್ಮ ದುರುಗೇಶನಿಗೆ,

ಹಾಳೆಯನ್ನು ಎರಡು ಸಲ ಪರೀಕ್ಷೆ ಮಾಡಿದೆ, ನನ್ನ ಮೇಲೆ ನನಗೇ ನಂಬಿಕೆ ಹೋಗಿದೆಯಲ್ಲ. ನಿಜವೇ ಎಂದು ತೀರ್ಮಾನಿಸಿದ್ದೇನೆ. ಸುಳ್ಳು ಬರೆಯುವವನಾಗಿದ್ದರೆ ಗೋಲು ಎಂದೇ ಬರೆಯುತ್ತಿದ್ದ, ಆ ಡಿಫೆಂಡರ್ ಕುಣಿದದ್ದನ್ನು ಬರೆಯುತ್ತಿರಲಿಲ್ಲ. ಒಂದು ಹೊಡೆತ, ಸೊನ್ನೆ ಗೋಲು. ಇದರ ಮೇಲೆ ಲೆಕ್ಕ ಹಾಕುವುದಕ್ಕೇನೂ ಇಲ್ಲ. ಮುಂದಿನ ಸೀಸನ್ನಿನ ಮೊದಲ ಪಂದ್ಯಕ್ಕೆ ನಾನೇ ಬರುತ್ತೇನೆ, ಶೇಂಗಾ ಎರಡು ಕಡೆಗೂ ಸಾಕಾಗುವಷ್ಟು ತರುತ್ತೇನೆ.

ಅಪ್ಪನಿಗೂ ಅವ್ವನಿಗೂ ಎಲ್ಲ ಹೇಳಿದೆ. ಅವ್ವ ಕಾಳಕ್ಕನನ್ನು ಕಾಣಲು ನಾಳೆ ತುರುವನೂರಿಗೆ ಹೊರಟಿದ್ದಾಳೆ, ಆಕೆ ಬಾಗಿಲು ತೆಗೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಅಪ್ಪ ಕುರಿಮರಿಗೆ ಸೊಪ್ಪು ತಿನ್ನಿಸುತ್ತ ಕೂತಿದ್ದರು. ನಾನು ಮಾರುತೇಶನ ಹಾಳೆಯನ್ನು ಓದಿ ಹೇಳಿದೆ, ಡಿ ಒಳಗೆ ನಾಲ್ಕು, ಪಾಸು ಮೂರು ಎಂದು. ಅವರು ಸೊಪ್ಪು ಹಿಡಿದ ಕೈ ನಿಲ್ಲಿಸಿ, "ಅದಿರ್ಲಿ, ಯಾವ್ದು ಬಂದಿರ್ಲಿಲ್ವೋ ಅದು ಬಂತಾ?" ಎಂದು ಕೇಳಿದರು.

ಬಂತು ಎಂದೆ.

ನಿನ್ನ ಅಕ್ಕ
ಅಂಜಲಿ